ಅಂಬಾರಾಯ ಅಂಟಿಸಿದ ಚೀಟಿ

ಅಂಬಾರಾಯನನ್ನು ನಮ್ಮ ಕಾಲೇಜಿನಲ್ಲಿ ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಪುಣೆಯ ಹುಡುಗರಿಗೆ ಲ್ಯಾಬಿನ ಅಟೆಂಡರುಗಳೆಲ್ಲ ‘ಮಾಮಾ’ಗಳೇ. ಫಿಸಿಕ್ಸ್ ಮಾಮಾ ಎಂದರೆ ಇವನು. ಹೆಸರು ನನಗೆ ಗೊತ್ತಾದದ್ದು ನಾನು ಕನ್ನಡದವಳಾದ್ದರಿಂದ.

ಮದುವೆಯಾಗಿ ಧಾರವಾಡದಿಂದ ಪುಣೆಗೆ ಬಂದ ನಾನು ೧೯೯೮ರಲ್ಲಿ ಭೋಸರಿ ಕಡೆಯ ಒಂದು ಎಂಜಿನಿಯರಿಂಗ್ ಕಾಲೇಜಿಗೆ ಸೇರಿದೆ. ಮೊದಲ ವರ್ಷದವರಿಗೆ ‘ಕಮ್ಯುನಿಕೇಷನ್ ಸ್ಕಿಲ್ಸ್’ ಕಲಿಸುವ ಕೆಲಸ. ನಾಲ್ಕು ಜನರ ಮುಂದೆ ಇಂಗ್ಲಿಷಿನಲ್ಲಿ ಮಾತಾಡುವುದು ಹೇಗೆ, ಪತ್ರ ಬರೆಯುವುದು ಹೇಗೆ ಎಂಬ ಪಾಠ. ಹುಡುಗರ ಲೆಕ್ಕದಲ್ಲಿ ಅದು ಚಹಾ ಕುಡಿಯಲು ಹೋಗುವ ಪೀರಿಯಡ್ಡು. ಒಂದು ದಿನ ಸ್ಟಾಫ್ ರೂಮಿನ ಫೋನಿನಲ್ಲಿ ಅವ್ವನ ಜೊತೆ ಮಾತಾಡುತ್ತಿದ್ದಾಗ, ಚಾಕ್‌ಪೀಸಿನ ಡಬ್ಬಿ ಇಡಲು ಬಂದಿದ್ದ ಅಟೆಂಡರ್ ಅಲ್ಲೇ ನಿಂತುಬಿಟ್ಟ. ನಾನು ಫೋನು ಇಟ್ಟ ಮೇಲೆ ಮೆಲ್ಲಗೆ ಕೇಳಿದ:

“ಅಕ್ಕಾರ, ನೀವು ನಮ್ಮ ಕಡೇವ್ರೇನ್ರಿ?”

ಅವನ ‘ನಮ್ಮ ಕಡೆ’ ಕಲಬುರಗಿ ಜಿಲ್ಲೆಯ ಜೇವರ್ಗಿಯ ಹತ್ತಿರದ ಒಂದು ಹಳ್ಳಿ. ಅಲ್ಲಿಂದ ಧಾರವಾಡ ಎಷ್ಟು ದೂರವೋ ಪುಣೆಯೂ ಹೆಚ್ಚುಕಡಿಮೆ ಅಷ್ಟೇ ದೂರ. ಆದರೂ ಆ ದಿನದಿಂದ ನಾನು ಅವನಿಗೆ ಊರವಳಾದೆ. ಹೆಂಡತಿ ಶಿವಕಾಂತಾಳ ಜೊತೆ ಕಟ್ಟಡದ ಕೆಲಸಕ್ಕೆ ಪುಣೆಗೆ ಬಂದವನು ಅವನು. ನಮ್ಮ ಕಾಲೇಜಿನ ಮೂರು ಮಹಡಿಗಳಿಗೆ ಅವರಿಬ್ಬರೂ ತಲೆಯ ಮೇಲೆ ಕಾಂಕ್ರೀಟು ಹೊತ್ತಿದ್ದರು. ಕಟ್ಟಡ ಮುಗಿದಾಗ ಕೂಲಿಯವರ ಗುಂಪು ಬೇರೆ ಕಡೆ ಹೋಯಿತು, ಇವನು ಕಾವಲಿಗೆಂದು ಉಳಿದ. ಆಮೇಲೆ ಫಿಸಿಕ್ಸ್ ಲ್ಯಾಬಿಗೆ ಅಟೆಂಡರಾದ. ಓದಿದ್ದು ಕನ್ನಡ ನಾಲ್ಕನೇ ಇಯತ್ತೆ. ಮರಾಠಿ ಕಿವಿಯಿಂದ ಕಲಿತದ್ದು, ಇಂಗ್ಲಿಷಿನಲ್ಲಿ ಅಂಕಿಗಳು ಮಾತ್ರ ಬರುತ್ತಿದ್ದವು.

ಆದರೆ ಲ್ಯಾಬಿನ ಉತ್ತರಗಳೆಲ್ಲ ಅವನಿಗೆ ಬಾಯಿಪಾಠ. ಟರ್ಮ್ ಮುಗಿಯುವ ವಾರ ಹುಡುಗರು ಜರ್ನಲ್, ಅಂದರೆ ಪ್ರಯೋಗಗಳ ದಾಖಲೆ ಪುಸ್ತಕ, ತುಂಬಿಸಿ ಸಹಿ ಹಾಕಿಸಿಕೊಳ್ಳಲು ಓಡಾಡುವಾಗ ಅವನ ಸುತ್ತ ಮುತ್ತಿಗೆ ಬೀಳುತ್ತಿತ್ತು.

“ಮಾಮಾ, ಸೋಡಿಯಂಚಾ ಆ್ಯಂಗಲ್ ಕಿತಿ?”

“ವೀಸ್ ಡಿಗ್ರಿ ಬಾವೀಸ್ ಮಿನಿಟ್.”

ಇಪ್ಪತ್ತು ಡಿಗ್ರಿ ಇಪ್ಪತ್ತೆರಡು ಮಿನಿಟು. ಸೋಡಿಯಂ ಬೆಳಕು ತಿರುಗುವ ಕೋನ ಅದು. ಆ ಪ್ರಯೋಗ ನಡೆಯುತ್ತಿದ್ದದ್ದು ಲ್ಯಾಬಿನ ಹಿಂದಿನ ಕತ್ತಲೆಕೋಣೆಯಲ್ಲಿ. ಒಂದು ಸೋಡಿಯಂ ದೀಪ. ಅದರ ಹಳದಿ ಬೆಳಕಿನ ಮುಂದೆ ಒಂದು ಚಿಕ್ಕ ಗಾಜಿನ ತುಂಡು. ಗ್ರೇಟಿಂಗ್ ಎನ್ನುತ್ತಾರೆ ಅದಕ್ಕೆ. ಗಾಜಿನ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಗೆರೆಗಳು, ಇಂಚಿಗೆ ಹದಿನೈದು ಸಾವಿರ ಎಂದು ಅದರ ಅಂಚಿನ ಚೀಟಿಯ ಮೇಲೆ ಬರೆದಿತ್ತು. ಆ ಗೆರೆಗಳ ಮೂಲಕ ಬೆಳಕು ಪಕ್ಕಕ್ಕೆ ತಿರುಗುತ್ತದೆ. ದುರ್ಬೀನಿನಲ್ಲಿ ನೋಡಿ, ಎಷ್ಟು ತಿರುಗಿತು ಎಂದು ಅಳೆದರೆ, ಹಳದಿ ಬೆಳಕಿನ ಅಲೆಯ ಉದ್ದ ಲೆಕ್ಕಕ್ಕೆ ಸಿಗುತ್ತದೆ: ೫೮೯೩ ಆಂಗ್‌ಸ್ಟ್ರಾಮ್. ಪುಸ್ತಕದಲ್ಲೂ ಅದೇ, ಜರ್ನಲ್ಲಿನಲ್ಲೂ ಅದೇ. ಇಡೀ ಕಾಲೇಜಿಗೆ ಒಂದೇ ಗ್ರೇಟಿಂಗ್ ಇದ್ದದ್ದರಿಂದ ಪ್ರತಿವರ್ಷ ಇನ್ನೂರ ನಲವತ್ತು ಹುಡುಗರೂ ಅದರಲ್ಲೇ ನೋಡಬೇಕಿತ್ತು.

೨೦೦೩ರಲ್ಲಿ ಅಂಬಾರಾಯನ ಮಗಳು ಭುವನೇಶ್ವರಿ ನಮ್ಮಲ್ಲೇ ಮೊದಲ ವರ್ಷಕ್ಕೆ ಸೇರಿದಳು. ಅವನು ಪೇಡೆಯ ಪೊಟ್ಟಣ ಹಿಡಿದು ಪ್ರಿನ್ಸಿಪಾಲರಿಂದ ಗೇಟಿನ ವಾಚ್‌ಮನ್‌ವರೆಗೆ ಎಲ್ಲರಿಗೂ ಹಂಚಿದ.

ಮಗಳಿಗೆ ಮಾತ್ರ ಮೊದಲ ಮೂರು ತಿಂಗಳು ದಿಕ್ಕು ತಪ್ಪಿದ ಹಾಗಿತ್ತು. ಭೋಸರಿಯ ಮರಾಠಿ ಶಾಲೆಯಲ್ಲಿ ಓದಿದವಳು. ಕಂಪ್ಯೂಟರನ್ನು ಮುಟ್ಟಿದ್ದೇ ಇಲ್ಲಿ. ಪ್ರೋಗ್ರಾಮಿಂಗ್ ಕಲಿಸುವ ಕೇತಕಿ ಮೇಡಂ ಹೇಳುತ್ತಿದ್ದರು: ಒಂದೇ ಬೆರಳಲ್ಲಿ ಒಂದೊಂದೇ ಅಕ್ಷರ ಒತ್ತುತ್ತಾಳೆ, ಆದರೆ ಒತ್ತಿದ್ದು ತಪ್ಪಾಗುವುದಿಲ್ಲ ಎಂದು. ನನ್ನ ತರಗತಿಯಲ್ಲಿ ಎದ್ದು ನಿಂತರೆ ತನ್ನ ಹೆಸರು ಹೇಳಿ ಕುಳಿತುಬಿಡುತ್ತಿದ್ದಳು. ಎರಡನೇ ವಾಕ್ಯ ಹೊರಡುತ್ತಿರಲಿಲ್ಲ.

ಜನವರಿಯಲ್ಲಿ ಅವಳ ಸರದಿ ಕತ್ತಲೆಕೋಣೆಗೆ ಬಂತು. ಜೊತೆಗಾರ್ತಿ ಹಳೆಯ ಜರ್ನಲ್ ನೋಡಿ ಬರೆದುಕೊಂಡು ಹೊರಟುಹೋದಳು. ಭುವನೇಶ್ವರಿ ದುರ್ಬೀನಿಗೆ ಕಣ್ಣಿಟ್ಟು, ತಿರುಗಿಸಿ, ಹಳದಿ ಗೆರೆ ಸಿಕ್ಕಲ್ಲಿ ನಿಲ್ಲಿಸಿ, ಅಳತೆ ಓದಿದಳು. ಹದಿನಾರು ಡಿಗ್ರಿ ಐವತ್ತೆರಡು ಮಿನಿಟು. ಲೆಕ್ಕ ಮಾಡಿದರೆ ಅಲೆಯ ಉದ್ದ ೪೯೧೦ರ ಆಸುಪಾಸು. ಅದು ನೀಲಿ-ಹಸಿರು ಬೆಳಕಿನ ಅಳತೆ. ಕಣ್ಣಿಗೆ ಕಾಣುವುದು ಹಳದಿ, ಕಾಗದದ ಮೇಲೆ ಬರುವುದು ನೀಲಿ.

ಮನೆಯಲ್ಲಿ ಅಪ್ಪನಿಗೆ ಹೇಳಿದಳಂತೆ. ಅಂಬಾರಾಯನಿಗೆ ಖುಷಿಯಾಗಿರಬೇಕು. ಮಗಳ ಓದಿನಲ್ಲಿ ತನಗೂ ಗೊತ್ತಿರುವ ಒಂದು ವಿಷಯ ಬಂತಲ್ಲ.

“ಅದಕ್ಯಾಕ ತಲಿ ಕೆಡಿಸ್ಕೊಂತಿ? ವೀಸ್ ಡಿಗ್ರಿ ಬಾವೀಸ್ ಮಿನಿಟ್ ಅಂತ ಬರಿ. ಬರೋಬ್ಬರಿ ಬರ್ತದ.”

ಅವಳು ಬರೆಯಲಿಲ್ಲ. ಇನ್ನೂ ಎರಡು ಸಲ ಹೋಗಿ ನೋಡಿದಳು. ಅದೇ ಬಂತು. ಹಾಗೆಯೇ ಬರೆದುಕೊಟ್ಟಳು. ಫಿಸಿಕ್ಸ್ ಮುಖ್ಯಸ್ಥರಾದ ಮಾರ್ತಾಂಡ ಸರ್ ಆ ಪುಟದ ಮೇಲೆ ಕೆಂಪು ಶಾಯಿಯಲ್ಲಿ ಕಾಟು ಹಾಕಿ, ಇಡೀ ಕಾಲೇಜಿಗೆ ಬರುವ ಉತ್ತರ ನಿನಗೊಬ್ಬಳಿಗೆ ಹೇಗೆ ಬರುವುದಿಲ್ಲ ಎಂದು ಕೇಳಿದರು.

ಇಷ್ಟೂ ನನಗೆ ಆಗ ಗೊತ್ತಿರಲಿಲ್ಲ.

ಮಾರ್ಚಿನಲ್ಲಿ ನಾನು ಪ್ರತಿಯೊಬ್ಬರಿಗೂ ಐದು ನಿಮಿಷ ಮಾತಾಡಲು ಹೇಳಿದೆ. ವಿಷಯ: ಈ ವರ್ಷ ನಾನೇ ಕಂಡುಕೊಂಡ ಒಂದು ಸಂಗತಿ. ಇಪ್ಪತ್ತೈದು ಅಂಕದ ಓರಲ್. ಭುವನೇಶ್ವರಿಯ ಸರದಿಯ ದಿನ ಪ್ರೊಜೆಕ್ಟರ್ ಹೊತ್ತು ತಂದವನು ಅಂಬಾರಾಯನೇ. ಇಟ್ಟು ಹೊರಟವನನ್ನು ನಾನೇ ತಡೆದೆ.

“ನಿಂದರ್ರಿ ಅಂಬಾರಾಯ. ಮಗಳ ಭಾಷಣ ಕೇಳಿ ಹೋಗ್ರಿ.”

ಅವನು ನಾಚಿ ಬಾಗಿಲ ಪಕ್ಕ ಗೋಡೆಗೆ ಆತು ನಿಂತ.

ಅವಳು ಬಂದು ಪ್ರೊಜೆಕ್ಟರ್ ಮೇಲೆ ಒಂದು ಪಾರದರ್ಶಕ ಹಾಳೆ ಇಟ್ಟಳು. ಗೋಡೆಯ ಮೇಲೆ ಅಂಕಿಗಳು ಮೂಡಿದವು. ತಡವರಿಸುವ ಇಂಗ್ಲಿಷಿನಲ್ಲೇ ಶುರು ಮಾಡಿದಳು. ಸೋಡಿಯಂ ಪ್ರಯೋಗದಲ್ಲಿ ತನಗೆ ಸರಿಯಾದ ಉತ್ತರ ಬರಲಿಲ್ಲ. ತನ್ನ ಕಣ್ಣೇ ಸರಿಯಿಲ್ಲ ಅಂದುಕೊಂಡಳು. ಆಮೇಲೆ ಕೇತಕಿ ಮೇಡಂ ಪ್ರೋಗ್ರಾಂ ಬರೆಯಲು ಕೊಟ್ಟಾಗ ಅದೇ ಸೂತ್ರವನ್ನು ತಿರುಗಾಮುರುಗಾ ಮಾಡಿ ಬರೆದಳು. ಬೆಳಕಿನ ಅಳತೆಯನ್ನು ಪುಸ್ತಕದಿಂದ ಕೊಟ್ಟು, ಕೋನವನ್ನು ತಾನು ನೋಡಿದಂತೆ ಕೊಟ್ಟು, ಗಾಜಿನ ಮೇಲೆ ಗೆರೆ ಎಷ್ಟಿರಬೇಕು ಎಂದು ಕಂಪ್ಯೂಟರನ್ನು ಕೇಳಿದಳು. ಹನ್ನೆರಡು ಸಾವಿರದ ಐನೂರು ಅಂದಿತು. ಮೂರು ಸಲದ ಅಳತೆ ಕೊಟ್ಟರೂ ಹನ್ನೆರಡು ಸಾವಿರದ ಐನೂರರ ಹತ್ತಿರವೇ ಬಂದು ನಿಂತಿತು.

“ಗಾಜಿನ ಮೇಲಿನ ಚೀಟಿ ಸುಳ್ಳು,” ಎಂದಳು. “ಯಾರೋ ತಪ್ಪು ಚೀಟಿ ಅಂಟಿಸಿದ್ದಾರೆ.”

ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ಅವಳು ನಿಲ್ಲಿಸಲಿಲ್ಲ. ಕಪಾಟಿನಲ್ಲಿದ್ದ ಹಳೆಯ ಜರ್ನಲ್ಲುಗಳನ್ನು ತೆಗೆದು ನೋಡಿದ್ದಳಂತೆ. ಎಲ್ಲದರಲ್ಲೂ ಇಪ್ಪತ್ತು ಡಿಗ್ರಿ ಇಪ್ಪತ್ತೆರಡು ಮಿನಿಟು. ಒಂದು ಮಿನಿಟು ಹೆಚ್ಚಿಲ್ಲ, ಒಂದು ಮಿನಿಟು ಕಡಿಮೆಯಿಲ್ಲ. ಈ ಗಾಜಿನಲ್ಲಿ ಆ ಕೋನ ಬರುವುದು ಸಾಧ್ಯವೇ ಇಲ್ಲ. ಅಂದರೆ ಯಾರೂ ನೋಡಿಲ್ಲ.

ನಗು ನಿಂತಿತು. ಅರವತ್ತು ಜನರ ಜರ್ನಲ್ಲುಗಳು ಅರವತ್ತು ಚೀಲಗಳಲ್ಲಿದ್ದವು, ಅವಳದೊಂದನ್ನು ಬಿಟ್ಟು ಎಲ್ಲದರಲ್ಲೂ ಆ ಅಂಕಿ ಇತ್ತು. ಈ ಹುಡುಗಿ ಈಗ ಹೇಳಿದ್ದು ಏನು ಎಂದು ಅವಳಿಗಾದರೂ ಗೊತ್ತೋ ಇಲ್ಲವೋ ಅಂದುಕೊಂಡೆ.

ಅಷ್ಟರಲ್ಲಿ ಬಾಗಿಲ ಬಳಿಯಿಂದ ದನಿ ಬಂತು. ಇಂಗ್ಲಿಷು ತಿಳಿಯದಿದ್ದರೂ ಗೋಡೆಯ ಮೇಲಿನ ಅಂಕಿಗಳನ್ನು ಅಂಬಾರಾಯ ಓದಿಕೊಂಡಿದ್ದ. ಹದಿನೈದು ಸಾವಿರ, ಅದರ ಮೇಲೊಂದು ಕಾಟು. ಪಕ್ಕದಲ್ಲಿ ಅವಳು ಬಿಡಿಸಿದ್ದ ಗಾಜು, ಅದರ ಅಂಚಿಗೆ ಚೀಟಿ. ಅವನ ಮುಖ ಸುಣ್ಣ ಬಳಿದ ಹಾಗಾಗಿತ್ತು.

“ಭುವನಾ,” ಎಂದ ಕನ್ನಡದಲ್ಲಿ. “ಆ ಚೀಟಿ ನಾ ಹಚ್ಚೀನವ್ವಾ.”

ಅವಳ ಕೈಯಲ್ಲಿದ್ದ ಪೆನ್ನು ಪ್ರೊಜೆಕ್ಟರಿನ ಗಾಜಿನ ಮೇಲೆ ಬಿತ್ತು. ಅದರ ನೆರಳು ಗೋಡೆಯ ಮೇಲೆ ಉದ್ದಕ್ಕೆ ಅಡ್ಡ ಬಿದ್ದದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಹುಡುಗರಿಗೆ ಮಾತು ತಿಳಿದಿರಲಿಲ್ಲ. ಏನೋ ಆಯಿತೆಂದು ಮಾತ್ರ ತಿಳಿದಿತ್ತು.

“ಮ್ಯಾಡಮ್,” ಎಂದು ಮುಂದಿನ ಬೆಂಚಿನ ಹುಡುಗಿ ನನ್ನನ್ನು ಕೇಳಿದಳು, “ಮಾಮಾ ಕಾಯ್ ಮ್ಹಣಾಲೇ?”

ಮಾಮಾ ಏನೆಂದರು? ಆ ಕೋಣೆಯಲ್ಲಿ ಮೂರನೆಯ ಕನ್ನಡದವಳು ನಾನೇ. ಏನಾದರೂ ಹೇಳಿ ತೇಲಿಸಿಬಿಡಬಹುದಿತ್ತು. ಮಗಳಿಗೆ ಶಾಬಾಸ್ ಅಂದ ಎನ್ನಬಹುದಿತ್ತು. ಬಾಯಿ ತೆರೆದೆ, ದನಿ ಬರಲಿಲ್ಲ. ವರ್ಷಗಟ್ಟಲೆ ಮಾತಾಡುವುದನ್ನು ಕಲಿಸುತ್ತ ಬಂದವಳು ನಾನು.

ಭುವನೇಶ್ವರಿಯೇ ತರಗತಿಯ ಕಡೆ ತಿರುಗಿದಳು. ಆ ಗಂಟೆಯಲ್ಲಿ ತಡವರಿಸದೆ ಅವಳು ಆಡಿದ ಇಂಗ್ಲಿಷ್ ವಾಕ್ಯ ಅದೊಂದೇ: ಆ ಚೀಟಿಯನ್ನು ಅಂಟಿಸಿದ್ದು ತಾವೇ ಎಂದು ನನ್ನ ತಂದೆ ಹೇಳುತ್ತಿದ್ದಾರೆ.

ಹೇಳಿ, ಹಾಳೆ ಎತ್ತಿಕೊಂಡು, ಅಪ್ಪನ ಪಕ್ಕದಿಂದಲೇ ಹೊರಗೆ ನಡೆದುಹೋದಳು.

ನಾನು ಪೀರಿಯಡ್ ಅಲ್ಲಿಗೇ ಬಿಟ್ಟು ಅಂಬಾರಾಯನನ್ನು ಸ್ಟಾಫ್ ರೂಮಿಗೆ ಕರೆದುಕೊಂಡು ಬಂದೆ. ಕುಳಿತುಕೊಳ್ಳಿ ಅಂದರೂ ಕೂರಲಿಲ್ಲ. ನಿಂತುಕೊಂಡೇ ಹೇಳಿದ. ೧೯೯೬ರ ಮಾತು. ಅವನು ಇನ್ನೂ ತಾತ್ಕಾಲಿಕ. ಕಾಯಂ ಆಗುವ ಪತ್ರ ಬರುವ ವಾರ ಒಂದು ಮುಂಜಾನೆ ಒರೆಸುವಾಗ ಗ್ರೇಟಿಂಗ್ ಕೈಜಾರಿ ಬಿದ್ದು ಎರಡು ತುಂಡಾಯಿತು. ಹಿಂದಿನ ವರ್ಷವಷ್ಟೇ ಒಬ್ಬ ಅಟೆಂಡರನ್ನು ದೀಪ ಒಡೆದನೆಂದು ಕೆಲಸದಿಂದ ಬಿಡಿಸಿದ್ದರು. ಹಳೆಯ ಪೆಟ್ಟಿಗೆಯಲ್ಲಿ ಅಂಥದೇ ಇನ್ನೊಂದು ಗಾಜು ಇತ್ತು, ಅದಕ್ಕೆ ಚೀಟಿ ಇರಲಿಲ್ಲ. ಒಡೆದದ್ದರ ಚೀಟಿಯನ್ನು ನೀರು ಹಚ್ಚಿ ಬಿಡಿಸಿ, ಇದಕ್ಕೆ ಅಂಟಿಸಿದ.

“ಎರಡೂ ಗಾಜೇ ಅಂತ ತಿಳಿದಿದ್ದೆ, ಅಕ್ಕಾರ. ಆದ್ರೂ ಅಂಜಿಕಿ ಇತ್ತು. ಹುಡುಗರು ಒಳಗ ಹೋದ್ರು. ಈಗ ಸಿಕ್ಕೊಂಡೆ, ಈಗ ಸಿಕ್ಕೊಂಡೆ ಅಂತ ಹೊರಗ ನಿಂತಿದ್ದೆ. ಬಂದ್ರು ನೋಡ್ರಿ, ಎಲ್ಲಾರ ಉತ್ತರನೂ ಬರೋಬ್ಬರಿ. ಸರ್ ಸಹಿ ಮಾಡಿದ್ರು. ಮುಂದಿನ ವರ್ಷನೂ ಬರೋಬ್ಬರಿ. ಅದಕ್ಕ ನಾ ಮರತುಬಿಟ್ಟೆ. ಗಾಜು ತಪ್ಪಿದ್ದಿದ್ರ ಅಷ್ಟು ಮಂದಿಗೆ ಉತ್ತರ ಹೆಂಗ ಬರ್ತಿತ್ತು ಅಂದ್ಕೊಂಡೆ.”

ಹೇಳುತ್ತಿದ್ದಂತೆ ಅವನ ಹುಬ್ಬು ಮೇಲಕ್ಕೆ ಹೋಯಿತು. ಆಗಷ್ಟೇ ಹೊಳೆದಿರಬೇಕು.

“ಹಂಗಂದ್ರ ಯಾರೂ ನೋಡೇ ಇಲ್ಲೇನ್ರಿ?”

ನಾನು ಕಾಗದ, ಪೆನ್ನು ಎಳೆದುಕೊಂಡೆ.

“ಅಷ್ಟು ಹುಡುಗರು? ಏಳು ವರ್ಷ? ಒಬ್ರೂ?”

ಸಾವಿರದ ಆರುನೂರ ಎಂಬತ್ತು ಹುಡುಗರು. ಇನ್ನೂರ ನಲವತ್ತನ್ನು ಏಳರಿಂದ ಗುಣಿಸಿ ನೋಡಿದೆ. ತಾನು ಮಾಡಿದ ತಪ್ಪಿಗಿಂತ ಇದು ಅಂಬಾರಾಯನನ್ನು ಹೆಚ್ಚು ಬಡಿದಿತ್ತು. ಗಾಜು ಒಡೆದದ್ದನ್ನು ಅವನು ತನ್ನ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದ. ಆದರೆ ಕಲಿತವರು ನೋಡಿಯೇ ಬರೆಯುತ್ತಾರೆ ಎಂಬುದರಲ್ಲಿ ಅವನಿಗೆ ಅನುಮಾನವೇ ಇರಲಿಲ್ಲ.

ಸಂಜೆಯೊಳಗೆ ಸುದ್ದಿ ಮಾರ್ತಾಂಡ ಸರ್‌ಗೆ ಮುಟ್ಟಿತು. ಅವರು ಕೋಣೆಯ ಬಾಗಿಲು ಹಾಕಿಸಿ, ಮುಂದಿನ ತಿಂಗಳು ದಿಲ್ಲಿಯಿಂದ ಪರಿಶೀಲನೆಯ ಸಮಿತಿ ಬರುವುದಿದೆ, ಈ ಮಾತು ಇಲ್ಲಿಗೇ ನಿಲ್ಲಬೇಕು ಎಂದರು. ನನ್ನ ಮೇಲೂ ರೇಗಿದರು. ಹುಡುಗಿಯ ಲೆಕ್ಕವೇ ತಪ್ಪಿರಬೇಕು ಎಂದರು. ಅಂಬಾರಾಯ ಕೈಕಟ್ಟಿ ನಿಂತು ಮರಾಠಿಯಲ್ಲಿ ಒಂದೇ ಮಾತು ಕೇಳಿದ: ಸರ್, ನೀವೊಮ್ಮೆ ನೋಡುತ್ತೀರಾ?

ಅದರಲ್ಲಿ ಎದುರುತ್ತರದ ಧಾಟಿ ಇರಲಿಲ್ಲ, ಬೇಡಿಕೆಯಿತ್ತು. ಅವರು ಅವನನ್ನು ದುರುಗುಟ್ಟಿ ನೋಡಿ, ಕನ್ನಡಕ ತೆಗೆದುಕೊಂಡು ಕತ್ತಲೆಕೋಣೆಗೆ ಹೋದರು. ಮುಕ್ಕಾಲು ಗಂಟೆಯಾದರೂ ಬರಲಿಲ್ಲ. ನಾವಿಬ್ಬರೂ ಹೊರಗೆ ನಿಂತಿದ್ದೆವು. ಬಂದಾಗ ಅವರ ಕೈಯಲ್ಲಿ ಒಂದು ಚೀಟಿ. ಹದಿನಾರು ಡಿಗ್ರಿ ಐವತ್ತೊಂದು ಮಿನಿಟು. ಲ್ಯಾಬಿನ ಸ್ಟೂಲಿನ ಮೇಲೆ ಕುಳಿತರು. ಎಂ.ಎಸ್ಸಿ. ಮುಗಿದ ಮೇಲೆ ಇಂಥ ದುರ್ಬೀನಿಗೆ ತಾವು ಕಣ್ಣಿಟ್ಟದ್ದೇ ಇಲ್ಲ ಎಂದರು. “ಸಹಿ ಮಾಡುತ್ತಿದ್ದೆ,” ಎಂದರು. “ಸಹಿ ಮಾತ್ರ.”

ಮೆಮೊ ಬಂದದ್ದು ಅಂಬಾರಾಯನಿಗೊಬ್ಬನಿಗೇ. ಸಾಮಾನು ಒಡೆದು ಮುಚ್ಚಿಟ್ಟ ಆರೋಪ. ನೋಡದೆ ಬರೆದವರಿಗೆ, ನೋಡದೆ ಸಹಿ ಹಾಕಿದವರಿಗೆ ಏನೂ ಇಲ್ಲ. ಉತ್ತರವನ್ನು ಅವನು ಕನ್ನಡದಲ್ಲಿ ಹೇಳಿದ, ನಾನು ಇಂಗ್ಲಿಷಿನಲ್ಲಿ ಬರೆದೆ. ನಾನು ಅಲ್ಲಲ್ಲಿ ಮೆತ್ತಗೆ ಮಾಡಲು ನೋಡಿದರೆ ಅವನು ಬಿಡಲಿಲ್ಲ. “ಒಡದೀನಿ, ಮುಚ್ಚಿಟ್ಟೀನಿ ಅಂತಷ್ಟೇ ಬರೀರಿ, ಅಕ್ಕಾರ.” ಮೂರು ತಿಂಗಳು ಅವನನ್ನು ಗೇಟಿಗೆ ಹಾಕಿದರು. ಅದಾದ ಮೇಲೆ ಮಾರ್ತಾಂಡ ಸರ್ ತಾವೇ ಪ್ರಿನ್ಸಿಪಾಲರ ಹತ್ತಿರ ಹೋಗಿ ವಾಪಸ್ಸು ಕೇಳಿ ಕರೆಸಿಕೊಂಡರು.

ಆ ಭಾಷಣವಾದ ಮೇಲೆ ಮನೆಯಲ್ಲಿ ನಾಲ್ಕು ದಿನ ಅಪ್ಪ ಮಗಳ ನಡುವೆ ಮಾತಿರಲಿಲ್ಲ. ಭುವನೇಶ್ವರಿ ನನ್ನ ಹತ್ತಿರ ಬಂದು ಅತ್ತಳು.

“ಅಪ್ಪ ಅಂತ ಗೊತ್ತಿದ್ರ ನಾ ಹೇಳ್ತಿದ್ದಿಲ್ರಿ, ಮೇಡಂ.”

“ಖರೇನ?” ಎಂದೆ.

ಅವಳು ಕಣ್ಣೊರೆಸಿಕೊಂಡಳು. “ಗೊತ್ತಿಲ್ರಿ,” ಎಂದಳು.

ಐದನೆಯ ದಿನ ಶಿವಕಾಂತಾ ಇಬ್ಬರಿಗೂ ಒಟ್ಟಿಗೇ ರೊಟ್ಟಿ ಬಡಿಸಿ, ಒಂದೇ ಖೋಲಿಯಾಗ ಇದ್ದು ಮಾತು ಬಿಟ್ರ ಉಸಿರಾಡೂದು ಹೆಂಗ ಎಂದು ಗದರಿದಳಂತೆ. ಮಗಳು ಅಪ್ಪನಿಗೆ, “ನಾಳೆ ನನ್ನ ಜೋಡಿ ಒಳಗ ಬಾ,” ಎಂದಳು.

ಮಾರ್ತಾಂಡ ಸರ್ ಬೀಗದ ಕೈ ಕೊಟ್ಟರು. ನಾನೂ ಹೋಗಿದ್ದೆ. ಹದಿಮೂರು ವರ್ಷ ಆ ಯಂತ್ರವನ್ನು ದಿನಾ ಒರೆಸಿದವನು ಅಂಬಾರಾಯ, ಆದರೆ ಅದರೊಳಗೆ ಎಂದೂ ನೋಡಿರಲಿಲ್ಲ. ನೋಡುವುದು ತನ್ನ ಕೆಲಸವಲ್ಲ ಅಂದುಕೊಂಡಿದ್ದ. ಮಗಳು ದೀಪ ಹಚ್ಚಿ, ಅವನ ಕೈ ಹಿಡಿದು ತಿರುಪಿನ ಮೇಲೆ ಇಟ್ಟಳು. ಅವನು ಒಂದು ಕಣ್ಣು ಮುಚ್ಚಿ ಬಗ್ಗಿದ. ಬಹಳ ಹೊತ್ತು ಏನೂ ಕಾಣಲಿಲ್ಲ. ಆಮೇಲೆ ಒಮ್ಮೆಲೇ ತಲೆ ಹಿಂದಕ್ಕೆ ಎಳೆದುಕೊಂಡ, ಮತ್ತೆ ಬಗ್ಗಿದ.

“ಅಯ್ಯ! ಎಷ್ಟು ಹಳದಿ ಅದ!”

“ಇನ್ನಷ್ಟು ತಿರುಗಿಸು ಅಪ್ಪಾ. ಇನ್ನೊಂದು ಬರ್ತದ, ನೋಡು.”

ತಿರುಗಿಸಿದ. ಮುಂದಿನ ಗೆರೆ ಬಂದಾಗ ಅವನ ಬಾಯಿ ತೆರೆದೇ ಇತ್ತು.

“ಇದು ಒಂದಲ್ಲ ಭುವನಾ. ಎರಡು ಅದಾವ! ಬಾಜೂಬಾಜೂಕ!”

ಸೋಡಿಯಂ ಬೆಳಕಿನಲ್ಲಿ ಗೆರೆ ಎರಡಿರುವುದು ನಿಜ. ಯಾರೂ ಅವನಿಗೆ ಹೇಳಿಕೊಟ್ಟಿರಲಿಲ್ಲ. ಮಗಳು ನಗುತ್ತ ಅಳುತ್ತ ಗೋಡೆಗೆ ಆತುಕೊಂಡಳು.

ಹೊಸ ಗ್ರೇಟಿಂಗ್ ತರಿಸುವುದು ಬೇಡ ಎಂದರು ಮಾರ್ತಾಂಡ ಸರ್. ಮತ್ತೆ ಹದಿನೈದು ಸಾವಿರದ್ದು ತಂದಿಟ್ಟರೆ ನಕಲು ಮಾಡಿದವರ ಉತ್ತರವೂ ಸರಿಯಾಗಿಬಿಡುತ್ತದೆ, ನೋಡಿದವರು ಯಾರು, ನೋಡದವರು ಯಾರು ಎಂದು ತಿಳಿಯುವುದೇ ಇಲ್ಲ ಎಂದು ಅವರ ವಾದ. ಹಳೆಯ ಗಾಜನ್ನೇ ಇಟ್ಟು ಚೀಟಿ ಕಿತ್ತುಹಾಕಿಸಿದರು. ಗೆರೆ ಎಷ್ಟಿವೆ ಎಂದು ಕಂಡುಹಿಡಿಯುವುದೇ ಪ್ರಯೋಗವಾಯಿತು. ಎರಡು ವರ್ಷದಲ್ಲಿ ಆ ಉತ್ತರವೂ ಹಳೆಯ ಜರ್ನಲ್ಲುಗಳಲ್ಲಿ ಓಡಾಡತೊಡಗಿತು ಎಂಬುದು ಬೇರೆ ಮಾತು. ಆಮೇಲೆ ಅವರು ಮೂರು ಬಗೆಯ ಗಾಜು ತರಿಸಿ ಅದಲುಬದಲು ಮಾಡುತ್ತಿದ್ದರು. ಯಾವ ದಿನ ಯಾವುದು ಎಂದು ಗೊತ್ತಿದ್ದದ್ದು ಅಂಬಾರಾಯನಿಗೆ ಮಾತ್ರ. ಈ ಮಾಮಾ ಮೊದಲಿನಂತಿಲ್ಲ, ಏನೂ ಸಹಾಯ ಮಾಡುವುದಿಲ್ಲ ಎಂದು ಹುಡುಗರು ಲಿಖಿತ ದೂರು ಕೊಟ್ಟದ್ದೂ ಉಂಟು.

ಭುವನೇಶ್ವರಿ ೨೦೦೭ರಲ್ಲಿ ಎಂಜಿನಿಯರಾಗಿ ಭೋಸರಿಯ ಒಂದು ಸಣ್ಣ ಸಂಸ್ಥೆ ಸೇರಿದಳು. ಕಾರ್ಖಾನೆಗಳು ಬಳಸುವ ಅಳತೆಯ ಸಾಧನಗಳು ಸರಿಯಾಗಿ ತೋರಿಸುತ್ತವೆಯೋ ಇಲ್ಲವೋ ಎಂದು ಪರೀಕ್ಷಿಸಿ ಕೊಡುವ ಕೆಲಸ. ಈಗಲೂ ಅಲ್ಲೇ ಇದ್ದಾಳೆ.

ಅವಳ ಮೊದಲ ವರ್ಷದ ಆ ಓರಲ್ ಅಂಕಗಳನ್ನು ವಿಶ್ವವಿದ್ಯಾಲಯಕ್ಕೆ ಕಳಿಸುವ ದಿನ ನೋಡಿದರೆ ಅವಳ ಹೆಸರಿನ ಮುಂದೆ ಜಾಗ ಖಾಲಿಯಿತ್ತು. ಗಲಾಟೆಯಲ್ಲಿ ನಾನು ಅಂಕ ಹಾಕುವುದನ್ನೇ ಮರೆತಿದ್ದೆ. ಕಾರಿಡಾರಿನಲ್ಲಿ ಸಿಕ್ಕವಳನ್ನು ಕರೆದು, ನಿನ್ನ ಓರಲ್ ಅಂಕ ಉಳಿದುಬಿಟ್ಟಿದೆ ನೋಡು ಎಂದೆ.

“ಹದಿನೆಂಟು ಹಾಕ್ರಿ, ಮೇಡಂ,” ಎಂದಳು ಸಹಜವಾಗಿ. “ಎಲ್ಲಾರಿಗೂ ಅಷ್ಟೇ ಹಾಕ್ತೀರಲ್ಲ?”

ಅವಳ ದನಿಯಲ್ಲಿ ಚುಚ್ಚುಮಾತಿನ ಸುಳಿವೂ ಇರಲಿಲ್ಲ. ಕಾಲೇಜಿನ ಒಂದು ನಿಯಮ ಹೇಳಿದ ಹಾಗೆ ಹೇಳಿ ಮೆಟ್ಟಿಲಿಳಿದು ಹೋದಳು. ನಾನು ಸ್ಟಾಫ್ ರೂಮಿಗೆ ಬಂದು ಹಿಂದಿನ ಐದು ವರ್ಷಗಳ ಹಾಳೆಗಳನ್ನು ತೆಗೆದೆ. ಹದಿನೆಂಟು, ಹದಿನೆಂಟು, ಹದಿನೇಳು, ಹದಿನೆಂಟು. ಅವರೆಲ್ಲ ಯಾರು, ಎದ್ದು ನಿಂತು ಏನು ಮಾತಾಡಿದ್ದರು ಎಂದು ನೆನಪಿಸಿಕೊಳ್ಳಲು ನೋಡಿದೆ. ಒಬ್ಬರ ಮುಖವೂ ನೆನಪಿಗೆ ಬರಲಿಲ್ಲ.